ಅಂಗಡಿ ಹಾಕುವ ಮೊದಲು: ಪೈಪೋಟಿ ಮತ್ತು ಮಾರುಕಟ್ಟೆ ಅಳೆಯುವ ಬಗ್ಗೆ ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಠಾಣೆ, ನವಿ ಮುಂಬೈಗಳಲ್ಲಿ ಹೋಟೆಲ್, ಕೇಟರಿಂಗ್, ಟ್ರಾವೆಲ್ಸ್, ಮಂಗಳೂರು ಸಾಮಾನಿನ ಅಂಗಡಿ ಹಾಕಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೇಳುವವರಲ್ಲಿ ಹೋಟೆಲಿನವರೇ ಹೆಚ್ಚಾದ್ದರಿಂದ ಉದಾಹರಣೆಗಳೂ ಹೆಚ್ಚಾಗಿ ಅವರವೇ. ‘ಎಂದಿಟ್ಟುಕೊಳ್ಳೋಣ’ ಎಂದಿರುವ ಕಡೆಯ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಾಕಿದವು, ಯಾರ ಗಲ್ಲಾದಿಂದಲೂ ತಂದವಲ್ಲ.

ಆ ಜಾಗದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಜನವೋ ಜನ. ಅಷ್ಟು ಸಾಲದೇ?

ಸಾಲದು. ಜನ ಬರುವುದು ಬೇರೆ, ಬಂದ ಜನರ ಹಣ ನಿಮ್ಮ ಕೈಯಲ್ಲಿ ಉಳಿಯುವುದು ಬೇರೆ. ಘಾಟ್‌ಕೋಪರ್ ನಿಲ್ದಾಣದ ಎದುರು ಜನ ಇದ್ದಾರೆಂಬುದು ನಿಮಗಿಂತ ಮೊದಲು ಅಲ್ಲಿನ ಜಾಗದ ಮಾಲೀಕನಿಗೆ ಗೊತ್ತು. ಆ ಜನರ ಬೆಲೆಯನ್ನು ಅವನು ಬಾಡಿಗೆಯಲ್ಲಿ ಆಗಲೇ ಸೇರಿಸಿರುತ್ತಾನೆ.

ವಿಮಾನಯಾನವನ್ನು ನೋಡಿ. ಈ ಶತಮಾನದಲ್ಲಿ ಭಾರತದಲ್ಲಿ ವಿಮಾನ ಹತ್ತುವವರ ಸಂಖ್ಯೆ ಹಲವು ಪಟ್ಟು ಏರಿತು. ಆದರೂ ಕಿಂಗ್‌ಫಿಷರ್ 2012ರಲ್ಲಿ, ಇದೇ ಮುಂಬೈಯ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಪ್ರಯಾಣಿಕರ ಕೊರತೆಯಿಂದ ಮುಳುಗಿದವಲ್ಲ ಅವು. ವಿಮಾನ ತಯಾರಿಸುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಇಂಧನದ ಬೆಲೆ ಕಂಪನಿಯ ಕೈಯಲ್ಲಿಲ್ಲ. ಟಿಕೆಟ್ ಕೊಳ್ಳುವವನು ನೂರು ರೂಪಾಯಿ ಕಡಿಮೆಯಾದರೆ ಬೇರೆ ಕಂಪನಿಗೆ ಹೋಗುತ್ತಾನೆ. ಖಾಲಿ ಸೀಟು ಹಾರಿಹೋದರೆ ಮತ್ತೆ ಮಾರುವಂತಿಲ್ಲ, ಹಾಗಾಗಿ ಎಲ್ಲರೂ ದರ ಇಳಿಸುತ್ತಾರೆ. ಗಿರಾಕಿಗಳು ತುಂಬಿದ್ದೂ ಲಾಭವಿಲ್ಲದ ವ್ಯವಹಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮಾರುಕಟ್ಟೆಯ ಆಕರ್ಷಣೆ ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಹುಟ್ಟುವ ಹಣ ಕೊನೆಗೆ ಯಾರ ಜೇಬಿಗೆ ಹೋಗುತ್ತದೆ? ಕೆಳಗಿನ ಉತ್ತರಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

ಎಂಬಿಎ ಓದಿದ ಮಗಳು ‘ಐದು ಬಲ’ಗಳ ಲೆಕ್ಕ ಹಾಕಿ ನೋಡು ಎನ್ನುತ್ತಾಳೆ. ಏನದು?

ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ 1979ರಲ್ಲಿ ಮುಂದಿಟ್ಟ ಚೌಕಟ್ಟು. ಒಂದು ಉದ್ಯಮದಲ್ಲಿ ಲಾಭ ಎಷ್ಟು ಉಳಿಯುತ್ತದೆ ಎಂಬುದನ್ನು ಎದುರಿನ ಅಂಗಡಿಯವನು ಮಾತ್ರ ತೀರ್ಮಾನಿಸುವುದಿಲ್ಲ, ಐದು ಕಡೆಯಿಂದ ಎಳೆತ ಇರುತ್ತದೆ ಎಂಬುದು ಅದರ ಸಾರ. ಈಗಾಗಲೇ ಇರುವವರ ನಡುವಿನ ಪೈಪೋಟಿ, ಹೊಸಬರು ನುಗ್ಗುವ ಭಯ, ಗಿರಾಕಿಯ ಚೌಕಾಸಿ ಬಲ, ಪೂರೈಕೆದಾರರ ಚೌಕಾಸಿ ಬಲ, ಬದಲಿ ವಸ್ತುಗಳು. ಇಷ್ಟೇ.

ಇದನ್ನು ತರಗತಿಗಳಲ್ಲಿ ಕಲಿಸುವ ರೀತಿಯ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಐದು ಚೌಕ ಬರೆದು ಪ್ರತಿಯೊಂದರಲ್ಲೂ ‘ಹೆಚ್ಚು’, ‘ಮಧ್ಯಮ’, ‘ಕಡಿಮೆ’ ಎಂದು ತುಂಬಿ ಮುಗಿಸುತ್ತಾರೆ. ಐದರಲ್ಲಿ ನಿಮ್ಮ ವ್ಯಾಪಾರವನ್ನು ನಿಜವಾಗಿ ಹಿಂಡುವುದು ಒಂದೋ ಎರಡೋ ಇರುತ್ತದೆ. ಅದನ್ನು ಗುರುತಿಸಿ, ರೂಪಾಯಿಯಲ್ಲಿ ಅಳೆಯುವುದೇ ಕೆಲಸ. ಉಳಿದವುಗಳಿಗೆ ಅರ್ಧ ಪುಟ ಸಾಕು.

ಹಾಗಾದರೆ ಮುಂಬೈ ಹೋಟೆಲನ್ನು ಹಿಂಡುವುದು ಯಾವುದು?

ಜಾಗ. ಅಕ್ಕಿ, ಉದ್ದು, ತರಕಾರಿ ಮಾರುವವರು ನೂರಾರು ಮಂದಿ. ಒಬ್ಬ ದರ ಏರಿಸಿದರೆ ಇನ್ನೊಬ್ಬನ ಬಳಿ ಹೋಗಬಹುದು. ಹತ್ತೊಂಬತ್ತು ಕಿಲೋ ಸಿಲಿಂಡರಿನ ಬೆಲೆಯನ್ನು ತೈಲ ಕಂಪನಿಗಳು ತಿಂಗಳ ಮೊದಲ ದಿನ ಬದಲಿಸುತ್ತವೆ. ಅದರಲ್ಲಿ ಚೌಕಾಸಿಯೇ ಇಲ್ಲ, ಆದರೆ ನಿಮ್ಮ ಎದುರಿನವನಿಗೂ ಅದೇ ಬೆಲೆ. ಜಾಗದ ವಿಷಯ ಹಾಗಲ್ಲ. ಆ ಮೂಲೆ ಒಂದೇ ಇದೆ, ಅದಕ್ಕೆ ಮಾಲೀಕನೂ ಒಬ್ಬನೇ.

ಹಳೆಯ ಉಡುಪಿ ಹೋಟೆಲುಗಳ ಜೊತೆ ನಿಮ್ಮನ್ನು ಹೋಲಿಸಿಕೊಳ್ಳುವಾಗ ಎಚ್ಚರ ಬೇಕಾಗುವುದು ಇಲ್ಲಿಯೇ. ಅವುಗಳಲ್ಲಿ ಹಲವು ಪಗಡಿ ಜಾಗದಲ್ಲಿವೆ (ಹಿಂದೆಯೇ ದೊಡ್ಡ ಮೊತ್ತ ಕೊಟ್ಟು, ಆಮೇಲೆ ತೀರಾ ಕಡಿಮೆ ಬಾಡಿಗೆ ಕಟ್ಟುವ ಹಳೆಯ ಪದ್ಧತಿ), ಕೆಲವು ಸ್ವಂತದವು. ಹೊರಗಿನಿಂದ ಕಾಣುವುದು ಅದೇ ಇಡ್ಲಿ, ಅದೇ ಫಿಲ್ಟರ್ ಕಾಫಿ, ಅದೇ ದರ; ಒಳಗಿನ ಲೆಕ್ಕವೇ ಬೇರೆ. ಅವರು ತಿಂಗಳಿಗೆ ಕೊಡುವ ಬಾಡಿಗೆಯನ್ನು ನೀವು ಎರಡು ದಿನಕ್ಕೆ ಕೊಡುತ್ತಿರಬಹುದು. ಅವರ ಮೆನು ನಕಲು ಮಾಡಬಹುದು, ಅವರ ಬಾಡಿಗೆ ಕರಾರನ್ನು ನಕಲು ಮಾಡಲಾಗದು.

ಒಂದು ಲೆಕ್ಕ ಹಾಕೋಣ. ಸರಾಸರಿ ಬಿಲ್ 120 ರೂಪಾಯಿ, ಸಾಮಾನು ಮತ್ತು ಗ್ಯಾಸಿಗೆ 48 ಎಂದಿಟ್ಟುಕೊಳ್ಳೋಣ. ಉಳಿಯುವುದು 72. ಬಾಡಿಗೆ ಒಂದೂವರೆ ಲಕ್ಷ. ಅದರ ಮೇಲೆ ಶೇ 18 ಜಿಎಸ್‌ಟಿ 27,000. ಹೋಟೆಲಿನವರು 2017ರ ನವೆಂಬರಿನಿಂದ ಹೂಡುವಳಿ ತೆರಿಗೆ ಜಮೆ (ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆಯುವ ಸೌಲಭ್ಯ) ಇಲ್ಲದ ಶೇ 5ರ ದರದಲ್ಲಿ ಇರುವುದರಿಂದ ಈ 27,000 ವಾಪಸು ಬರುವುದಿಲ್ಲ, ಅದೂ ಖರ್ಚೇ. ಸಂಬಳ 2,40,000, ವಿದ್ಯುತ್ ನೀರು ಇತ್ಯಾದಿ 33,000. ಒಟ್ಟು ನಾಲ್ಕೂವರೆ ಲಕ್ಷ. 72ರಿಂದ ಭಾಗಿಸಿದರೆ ತಿಂಗಳಿಗೆ 6,250 ಬಿಲ್, ಅಂದರೆ ದಿನಕ್ಕೆ 209. ಇಷ್ಟಾದರೆ ನಷ್ಟವಿಲ್ಲ, ಲಾಭವೂ ಇಲ್ಲ. ನಿಮ್ಮ ದುಡಿಮೆಗೆ, ಠೇವಣಿಯ ಬಡ್ಡಿಗೆ ಇನ್ನೂ ಒಂದು ಪೈಸೆ ಇಟ್ಟಿಲ್ಲ. ಕರಾರು ಮುಗಿದು ಮಾಲೀಕ ಬಾಡಿಗೆಗೆ ಐವತ್ತು ಸಾವಿರ ಸೇರಿಸಿದರೆ ತೆರಿಗೆ ಸಹಿತ 59,000 ಹೆಚ್ಚುತ್ತದೆ. ಆಗ ದಿನಕ್ಕೆ 236 ಬಿಲ್ ಬೇಕು. ಆ ಇಪ್ಪತ್ತೇಳು ಜನ ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಉತ್ತರವಿಲ್ಲದೆ ಸಹಿ ಹಾಕಬೇಡಿ.

ಹಾಗಾಗಿ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ (ಇಲ್ಲಿ ಜಾಗವನ್ನು ನಿಗದಿತ ಅವಧಿಗೆ ಕೊಡುವ ಕರಾರು) ಮೊದಲು ಓದಬೇಕಾದದ್ದು ಈ ತಿಂಗಳ ಬಾಡಿಗೆಯಲ್ಲ. ಅವಧಿ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ, ಲಾಕ್-ಇನ್ (ನಡುವೆ ಕರಾರು ಮುರಿಯಲಾಗದ ಅವಧಿ) ಇಬ್ಬರಿಗೂ ಇದೆಯೋ ನಿಮಗೊಬ್ಬರಿಗೇ ಇದೆಯೋ, ನವೀಕರಣದ ಹಕ್ಕು ಯಾರದ್ದು, ಇವನ್ನು ನೋಡಿ. ಅಡುಗೆಮನೆಗೆ ಇಪ್ಪತ್ತು ಲಕ್ಷ ಸುರಿದ ಮೇಲೆ ಚೌಕಾಸಿಯ ಬಲ ಪೂರ್ತಿ ಮಾಲೀಕನ ಕಡೆ ಸರಿಯುತ್ತದೆ. ನೀವು ಎದ್ದು ಹೋಗಲಾರಿರಿ ಎಂಬುದು ಅವನಿಗೆ ಗೊತ್ತಿರುತ್ತದೆ.

ನಡೆಯುತ್ತಿರುವ ಹೋಟೆಲನ್ನು ಕಂಡಕ್ಟ್‌ಗೆ (ತಿಂಗಳಿಗೆ ಇಷ್ಟೆಂದು ಕೊಟ್ಟು ನಡೆಸುವ ಗುತ್ತಿಗೆಗೆ) ತೆಗೆದುಕೊಂಡರೆ ಈ ತಲೆನೋವು ಇಲ್ಲವಲ್ಲ?

ಹೂಡಿಕೆ ಕಡಿಮೆ, ಲೈಸೆನ್ಸುಗಳ ಓಡಾಟವೂ ಕಡಿಮೆ, ನಿಜ. ಆದರೆ ತಿಂಗಳ ಕಂಡಕ್ಟ್ ಹಣದಲ್ಲಿ ಬಾಡಿಗೆಯ ಜೊತೆಗೆ ಹೆಸರಿನ ಬೆಲೆಯೂ ಸೇರಿರುತ್ತದೆ. ನೀವು ವ್ಯಾಪಾರ ಬೆಳೆಸಿದರೆ ಮುಂದಿನ ಕರಾರಿನಲ್ಲಿ ಆ ಬೆಳವಣಿಗೆಗೂ ನೀವೇ ಹಣ ಕೊಡುತ್ತೀರಿ. ಧಂದೆ ಕಲಿಯಲು ಒಳ್ಳೆಯ ದಾರಿ. ಹತ್ತು ವರ್ಷ ಅದರಲ್ಲೇ ಇರುವುದು ಬೇರೆಯವರ ಆಸ್ತಿಗೆ ಗೊಬ್ಬರ ಹಾಕಿದ ಹಾಗೆ.

ನನ್ನ ಪ್ರತಿಸ್ಪರ್ಧಿಗಳ ಪಟ್ಟಿ ಮಾಡಿದ್ದೇನೆ: ಇದೇ ರಸ್ತೆಯ ಇನ್ನೂ ಮೂರು ಉಡುಪಿ ಹೋಟೆಲುಗಳು. ಸರಿಯೇ?

ಅರ್ಧ ಸರಿ. ಬೆಳಿಗ್ಗೆ ಎಂಟಕ್ಕೆ ಹಸಿದವನ ಮುಂದೆ ಇರುವ ದಾರಿಗಳನ್ನು ಎಣಿಸಿ. ನಿಲ್ದಾಣದ ಹೊರಗೆ ವಡಾಪಾವ್. ಹಾರ್ನ್ ಒತ್ತುತ್ತ ಸೈಕಲ್ ಮೇಲೆ ಇಡ್ಲಿ ತರುವ ಧಾರಾವಿಯ ತಮಿಳರು; ಅವರಿಗೆ ಬಾಡಿಗೆಯೇ ಇಲ್ಲ. ಕಚೇರಿಯ ಕ್ಯಾಂಟೀನು. ಮನೆಯಿಂದ ಬರುವ ಡಬ್ಬ. ಕಿರಾಣಿ ಅಂಗಡಿಯ ಫ್ರಿಜ್‌ನಲ್ಲಿರುವ ದೋಸೆ ಹಿಟ್ಟಿನ ಪ್ಯಾಕೆಟ್ಟು. ನಾಲ್ಕು ಜನರ ಮನೆ ಭಾನುವಾರ ಬೆಳಿಗ್ಗೆ ಹೋಟೆಲಿಗೆ ಬರುವ ಬದಲು ಆ ಪ್ಯಾಕೆಟ್ ಒಡೆಯುತ್ತದೆ. ಪೋರ್ಟರ್ ‘ಬದಲಿ’ ಎಂದದ್ದು ಇವನ್ನೇ. ನಿಮ್ಮ ಬಗೆಯ ಅಂಗಡಿಯಲ್ಲದಿದ್ದರೂ ನಿಮ್ಮ ಕೆಲಸವನ್ನು ಮಾಡುವಂಥವು.

ಬದಲಿಯ ಹೊಡೆತ ಎಷ್ಟು ದೊಡ್ಡದಿರಬಹುದು ಎಂಬುದು ಕರಾವಳಿಯವರಿಗೆ ಗೊತ್ತಿದೆ. ಮುಂಬೈ–ಮಂಗಳೂರು ಬಸ್ಸಿನವರು ಒಬ್ಬರನ್ನೊಬ್ಬರು ನೋಡಿ ದರ ಇಡುತ್ತಿದ್ದ ಕಾಲದಲ್ಲಿ, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಅದೇ ವರ್ಷ ಮತ್ಸ್ಯಗಂಧ ಬಂತು. ಆಮೇಲೆ ವಿಮಾನಗಳು ಹೆಚ್ಚಿದವು. ಬಸ್ಸುಗಳು ಸತ್ತುಹೋಗಲಿಲ್ಲ, ರೈಲಿನ ಟಿಕೆಟ್ ಸಿಗದವರು, ಮನೆ ಬಾಗಿಲಲ್ಲೇ ಇಳಿಯಬೇಕೆನ್ನುವವರು, ಮೂಟೆ ಕಳಿಸುವವರು ಉಳಿದರು. ಆದರೆ ದರದ ಮೇಲ್ಮಿತಿಯನ್ನು ಈಗ ಎದುರಿನ ಟ್ರಾವೆಲ್ಸ್ ಇಡುವುದಿಲ್ಲ, ರೈಲು ಇಡುತ್ತದೆ.

ಆಹಾರ ತಲುಪಿಸುವ ಆ್ಯಪ್‌ಗಳನ್ನು ಯಾವ ಪಟ್ಟಿಗೆ ಸೇರಿಸಲಿ? ಗಿರಾಕಿ, ಪೂರೈಕೆದಾರ, ಪ್ರತಿಸ್ಪರ್ಧಿ?

ಮೂರಕ್ಕೂ. ಅದಕ್ಕೇ ಅವುಗಳ ಬಗ್ಗೆ ಎಲ್ಲರಿಗೂ ಗೊಂದಲ. ಗಿರಾಕಿಯನ್ನು ತಂದುಕೊಡುವ ಪೂರೈಕೆದಾರ. ನಿಮ್ಮಿಂದ ರಿಯಾಯಿತಿ ಕೇಳುವ ದೊಡ್ಡ ಗಿರಾಕಿ. ಮತ್ತು ಬಿಲ್ಡಿಂಗಿನ ಹಿಂಬದಿಯ ಕ್ಲೌಡ್ ಕಿಚನ್ನನ್ನು (ಕೂತು ತಿನ್ನುವ ಜಾಗವಿಲ್ಲದ, ಆರ್ಡರ್‌ಗಷ್ಟೇ ಅಡುಗೆ ಮಾಡುವ ಅಡುಗೆಮನೆ) ನಿಮ್ಮ ಪಕ್ಕದಲ್ಲೇ ತಂದು ನಿಲ್ಲಿಸುವವನು.

ಮೊದಲು ಇಲ್ಲಿ ಹಲವರಿದ್ದರು. ಫುಡ್‌ಪಾಂಡಾದ ಭಾರತದ ವ್ಯವಹಾರವನ್ನು 2017ರಲ್ಲಿ ಓಲಾ ಕೊಂಡಿತು, 2020ರ ಜನವರಿಯಲ್ಲಿ ಉಬರ್ ಈಟ್ಸ್ ಜೊಮ್ಯಾಟೊದ ಪಾಲಾಯಿತು. ಉಳಿದ ದೊಡ್ಡವರು ಇಬ್ಬರು, ಜೊಮ್ಯಾಟೊ ಮತ್ತು ಸ್ವಿಗ್ಗಿ. ಇದು ಏಕೆ ಮುಖ್ಯ ಎಂದು ತೋರಿಸಲು ಒಂದು ಸರಳ ಅಳತೆ ಇದೆ, ಹರ್ಫಿಂಡಾಲ್–ಹಿರ್ಶ್‌ಮನ್ ಸೂಚ್ಯಂಕ. ಪ್ರತಿಯೊಬ್ಬರ ಮಾರುಕಟ್ಟೆ ಪಾಲಿನ ಶೇಕಡಾ ಅಂಕಿಯನ್ನು ಅದರಿಂದಲೇ ಗುಣಿಸಿ ಕೂಡಿಸುವುದು. ನಿಮ್ಮ ಬಡಾವಣೆಯಲ್ಲಿ ಹತ್ತು ಹೋಟೆಲುಗಳಿಗೆ ತಲಾ ಶೇ 10 ಪಾಲಿದ್ದರೆ ಸೂಚ್ಯಂಕ 1,000. ಇಬ್ಬರೇ ಇದ್ದು ಪಾಲು 55 ಮತ್ತು 45 ಎಂದಿಟ್ಟುಕೊಂಡರೆ 5,050. ಅಮೆರಿಕದ ಅಧಿಕಾರಿಗಳು 1,800 ದಾಟಿದರೆ ಅದನ್ನು ಬಹಳ ಕೇಂದ್ರೀಕೃತ ಮಾರುಕಟ್ಟೆ ಎಂದು ಪರಿಗಣಿಸುತ್ತಾರೆ. ಸಾವಿರದ ಕಡೆಯವರು ಐದು ಸಾವಿರದ ಕಡೆಯವರ ಜೊತೆ ಕಮಿಷನ್ ಚೌಕಾಸಿಗೆ ಕೂತರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ರೆಸ್ಟೋರೆಂಟ್‌ಗಳ ರಾಷ್ಟ್ರೀಯ ಸಂಘಟನೆ ದೂರು ಕೊಟ್ಟ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ಈ ಎರಡು ಕಂಪನಿಗಳ ವಿರುದ್ಧ ತನಿಖೆಗೆ ಆದೇಶಿಸಿದ್ದಕ್ಕೂ ಹಿನ್ನೆಲೆ ಈ ಅಸಮತೋಲನವೇ.

ಮೇಲಿನ ಲೆಕ್ಕಕ್ಕೆ ಹಿಂತಿರುಗಿ. ಮೇಜಿನ ಮೇಲೆ ತಿಂದವನಿಂದ ಉಳಿದದ್ದು 72 ರೂಪಾಯಿ. ಅದೇ ತಿಂಡಿ ಆ್ಯಪ್‌ನಲ್ಲಿ ಹೋದಾಗ ಕಮಿಷನ್ ಮತ್ತು ಅದರ ತೆರಿಗೆ ಸೇರಿ 30, ಡಬ್ಬಿ ಚೀಲಕ್ಕೆ 6 ಎಂದಿಟ್ಟುಕೊಳ್ಳೋಣ. ಉಳಿದದ್ದು 36. ಅಂದರೆ ಎರಡು ಆ್ಯಪ್ ಆರ್ಡರ್ ಸೇರಿದರೆ ಒಂದು ಮೇಜಿನ ಗಿರಾಕಿ. ಮಧ್ಯಾಹ್ನ ಮೂರರಿಂದ ಆರರವರೆಗೆ ಭಟ್ಟರು ಸುಮ್ಮನೆ ಕೂತಿರುವಾಗ ಬರುವ 36 ರೂಪಾಯಿ ಬೋನಸ್. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಬಾಗಿಲಲ್ಲಿ ಸಾಲು ನಿಂತಿರುವಾಗ, ದೋಸೆಕಲ್ಲಿನ ಮೇಲೆ ಆ್ಯಪ್ ಆರ್ಡರ್ ಹಾಕಿದರೆ ಅದು ನಷ್ಟ. ಆ ಹೊತ್ತಿಗೆ ಆ್ಯಪ್ ಮುಚ್ಚಿಡಿ ಎಂದರೆ ಹೊಸಬರು ಬೆಚ್ಚಿಬೀಳುತ್ತಾರೆ, ರೇಟಿಂಗ್ ಬೀಳುತ್ತದೆ ಎಂದು. ಬೀಳಲಿ.

ಎದುರಿನವನ ವ್ಯಾಪಾರ ಎಷ್ಟೆಂದು ತಿಳಿಯುವುದು ಹೇಗೆ? ಕೇಳಿದರೆ ಹೇಳುವುದಿಲ್ಲ.

ಹೇಳಿದರೂ ನಂಬಬೇಡಿ. ನೋಡಿ ಎಣಿಸಿ.

ಬೆಳಗಿನ ಜಾವ ಹಾಲಿನ ಟೆಂಪೊ ಬರುವ ಹೊತ್ತಿಗೆ ಹೋಗಿ ನಿಂತು, ಎಷ್ಟು ಕ್ರೇಟ್ ಇಳಿಯಿತು ನೋಡಿ. ಒಂದು ಲೀಟರಿಗೆ ಎಷ್ಟು ಕಟಿಂಗ್ (ಅರ್ಧ ಲೋಟ ಚಹಾ), ಎಷ್ಟು ಕಾಫಿ ಎಂಬ ಲೆಕ್ಕ ಹೋಟೆಲಿನವರಿಗೆ ಹೇಳಿಕೊಡಬೇಕಿಲ್ಲ. ಹಿಂಬಾಗಿಲಲ್ಲಿ ವಾರಕ್ಕೆ ಎಷ್ಟು ಖಾಲಿ ಸಿಲಿಂಡರ್ ಹೊರಬೀಳುತ್ತದೆ ಎಂಬುದು ಅಡುಗೆಯ ಪ್ರಮಾಣ ಹೇಳುತ್ತದೆ. ಪೈಪ್ ಗ್ಯಾಸ್ ಇದ್ದರೆ ಈ ದಾರಿ ಮುಚ್ಚಿತು. ನೀವೇ ಗಿರಾಕಿಯಾಗಿ ಹೋಗಿ ಬೆಳಿಗ್ಗೆ ತೆರೆಯುತ್ತಲೇ ಒಂದು ಚಹಾ, ರಾತ್ರಿ ಮುಚ್ಚುವಾಗ ಒಂದು ಚಹಾ ಕುಡಿಯಿರಿ. ಎರಡು ಬಿಲ್ಲುಗಳ ಕ್ರಮಸಂಖ್ಯೆಯ ನಡುವಿನ ಅಂತರವೇ ಆ ದಿನದ ಬಿಲ್ಲುಗಳ ಸಂಖ್ಯೆ. ಒಂದೇ ದಿನ ಮಾಡಿದರೆ ಮೋಸ ಹೋಗುತ್ತೀರಿ. ಸಂಕಷ್ಟಿ, ತಿಂಗಳ ಕೊನೆಯ ವಾರ, ಜೋರು ಮಳೆ, ಸ್ಥಳೀಯ ರೈಲಿನ ಮೆಗಾ ಬ್ಲಾಕ್ (ದುರಸ್ತಿಗಾಗಿ ಓಡಾಟ ಕಡಿತ) ಇರುವ ಭಾನುವಾರ, ಇವು ಬೇರೆ ಬೇರೆ ದಿನಗಳು.

ಕೊನೆಗೆ ಖಾಲಿ ಹೊತ್ತನ್ನೂ ನೋಡಿ. ಮಧ್ಯಾಹ್ನ ನಾಲ್ಕಕ್ಕೆ ಆರು ಸಪ್ಲೈಯರುಗಳು ಗೋಡೆಗೆ ಒರಗಿ ನಿಂತಿದ್ದರೆ ಆ ಸಂಬಳವನ್ನು ಬೆಳಗಿನ ಇಡ್ಲಿ ಹೊರುತ್ತಿದೆ ಎಂದು ಅರ್ಥ.

ಪೈಪೋಟಿಯೇ ಇಲ್ಲದ ಜಾಗ ಸಿಕ್ಕಿದೆ. ಅದೃಷ್ಟ ಅಲ್ಲವೇ?

ಇರಬಹುದು. ಅಲ್ಲಿ ಹಿಂದೆ ಯಾವ ಅಂಗಡಿ ಇತ್ತು, ಎಷ್ಟು ಬಾರಿ ಬೋರ್ಡು ಬದಲಾಯಿತು ಎಂದು ಪಕ್ಕದ ಪಾನ್‌ವಾಲಾನನ್ನು ಕೇಳಿ.

ಮಾಟುಂಗಾದಲ್ಲಿ ಕಿಂಗ್ಸ್ ಸರ್ಕಲ್ ಸುತ್ತ ನೋಡಿ: 1940ರ ಕೆಫೆ ಮದ್ರಾಸ್, 1942ರ ರಾಮನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಇನ್ನೂ ಹಲವು, ಎಲ್ಲ ಕಾಲ್ನಡಿಗೆಯ ದೂರದಲ್ಲಿ. ಒಂದರ ಎದುರು ಸಾಲು ಉದ್ದವಾದರೆ ಜನ ಇನ್ನೊಂದಕ್ಕೆ ಹೋಗುತ್ತಾರೆ. ದಕ್ಷಿಣದ ತಿಂಡಿ ಬೇಕೆಂದರೆ ಮಾಟುಂಗಾ ಎಂಬ ಹೆಸರನ್ನು ಎಲ್ಲ ಸೇರಿ ಕಟ್ಟಿದ್ದಾರೆ. ಅವರ ಪೈಪೋಟಿ ರುಚಿಯಲ್ಲಿದೆ, ದರ ಕತ್ತರಿಸುವುದರಲ್ಲಿಲ್ಲ. ಪೈಪೋಟಿ ಎಷ್ಟಿದೆ ಎಂಬುದಕ್ಕಿಂತ ಅದು ಯಾವುದರ ಮೇಲೆ ನಡೆಯುತ್ತಿದೆ ಎಂಬುದನ್ನು ನೋಡಬೇಕು. ದರದ ಮೇಲೆ ನಡೆಯುವ ಪೈಪೋಟಿಯಲ್ಲಿ ಲಾಭ ನೇರವಾಗಿ ಗಿರಾಕಿಯ ಜೇಬಿಗೆ ಹೋಗುತ್ತದೆ.

ನಾನು ಹೊಸದೇನಾದರೂ ಮಾಡಿದರೆ ಆರು ತಿಂಗಳಲ್ಲಿ ನಾಲ್ಕು ಜನ ನಕಲು ಮಾಡುತ್ತಾರೆ. ತಡೆ ಹಾಕುವುದು ಹೇಗೆ?

ಮೆನುವಿಗೆ ತಡೆ ಇಲ್ಲ. ಬೆಣ್ಣೆ ದೋಸೆಯ ಗಾಳಿ ಬೀಸಿದಾಗ ನೋಡಿದಿರಲ್ಲ. ತಡೆ ಹುಟ್ಟುವುದು ನಕಲು ಮಾಡುವವನಿಗೆ ಬೇಸರ ತರಿಸುವ ಕೆಲಸದಲ್ಲಿ. ಮೂಲ್ಕಿಯ ಕಡೆಯ, ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿದಾಗ ಐಸ್‌ಕ್ರೀಮಿನ ದೊಡ್ಡ ಕಂಪನಿಗಳು ಆಗಲೇ ಇದ್ದವು. ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಎಂದು ಜೊತೆಗೆ ಪಾವ್‌ಭಾಜಿಯನ್ನೂ ಇಟ್ಟಿದ್ದರು, ಆಮೇಲೆ ಬಿಟ್ಟರು. ಸೀತಾಫಲ, ಎಳನೀರಿನ ತಿರುಳು ಇವನ್ನು ಹಾಕಿದ ಐಸ್‌ಕ್ರೀಮಿನ ಹೆಸರನ್ನು ಯಾರೂ ನಕಲು ಮಾಡಬಹುದು. ಸರಿಯಾಗಿ ಮಾಗಿದ ಹಣ್ಣನ್ನು ದಿನವೂ ಆರಿಸಿ, ಬಿಡಿಸಿ, ಬೀಜ ತೆಗೆಯುವ ಕೆಲಸವನ್ನು ನಕಲು ಮಾಡಲು ಯಾರಿಗೂ ಆತುರವಿರುವುದಿಲ್ಲ.

ನಮ್ಮ ರಸ್ತೆಯ ಹೋಟೆಲಿನವರೆಲ್ಲ ಸೇರಿ ಒಂದೇ ದರ ಇಟ್ಟುಕೊಂಡರೆ ಜಗಳವೇ ಇಲ್ಲವಲ್ಲ?

ಬೇಡ. ಪ್ರತಿಸ್ಪರ್ಧಿಗಳು ಕೂಡಿ ದರ ನಿಗದಿ ಮಾಡುವುದನ್ನು 2002ರ ಸ್ಪರ್ಧಾ ಕಾಯ್ದೆಯ ಮೂರನೇ ಕಲಂ ನಿಷೇಧಿಸುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆಯಿಂದ ಮಸಾಲೆ ದೋಸೆ ಇಷ್ಟು’ ಎಂದು ಬರೆಯುವುದು ಸ್ವತಃ ಸಾಕ್ಷಿ ಒದಗಿಸಿದಂತೆ.

ಬ್ಯಾಂಕಿನವರು ಅಂಕಪಟ್ಟಿ ಕೇಳುತ್ತಾರೆ: ಮಾರುಕಟ್ಟೆಯ ಆಕರ್ಷಣೆಗೆ ಹತ್ತಕ್ಕೆ ಎಷ್ಟು ಎಂದು. ಹೇಗೆ ತುಂಬಲಿ?

ಇದರ ಮೂಲ 1970ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ಸಲಹಾ ಸಂಸ್ಥೆ ಮೆಕಿನ್ಸಿಯವರು ರೂಪಿಸಿದ ಒಂಬತ್ತು ಮನೆಗಳ ಚೌಕ. ಒಂದು ಬದಿಗೆ ಮಾರುಕಟ್ಟೆಯ ಆಕರ್ಷಣೆ, ಇನ್ನೊಂದು ಬದಿಗೆ ಅದರಲ್ಲಿ ನಿಮ್ಮ ಬಲ. ಗಾತ್ರ, ಬೆಳವಣಿಗೆ, ಲಾಭಾಂಶ, ಪೈಪೋಟಿಯ ತೀವ್ರತೆ ಇವುಗಳಿಗೆ ತೂಕ ಕೊಟ್ಟು, ಅಂಕ ಹಾಕಿ ಗುಣಿಸಿ ಕೂಡಿಸುತ್ತಾರೆ.

ಒಂದೇ ಕಿವಿಮಾತು: ಜಾಗ ನೋಡುವ ಮೊದಲೇ ತೂಕಗಳನ್ನು ಬರೆದಿಡಿ. ಮನಸ್ಸು ಒಂದು ಜಾಗಕ್ಕೆ ಒಲಿದ ಮೇಲೆ ತೂಕ ತಿದ್ದದವರನ್ನು ನಾನು ಕಂಡಿಲ್ಲ, 5.8 ಇದ್ದದ್ದು ಸಂಜೆಯೊಳಗೆ 7.1 ಆಗಿರುತ್ತದೆ. ಎರಡು ಬದಿಗಳನ್ನು ಬೆರೆಸಲೂ ಬೇಡಿ. ಬಾಂದ್ರಾ ಕುರ್ಲಾ ಸಂಕೀರ್ಣದ ಕಚೇರಿ ಕೇಟರಿಂಗ್ ಒಳ್ಳೆಯ ಮಾರುಕಟ್ಟೆಯೇ ಇರಬಹುದು; ಅರುವತ್ತು ದಿನದ ಉದ್ದರಿ ತಾಳುವ ಬಂಡವಾಳ ನಿಮ್ಮಲ್ಲಿಲ್ಲದಿದ್ದರೆ ಅದು ನಿಮಗೆ ಒಳ್ಳೆಯದಲ್ಲ.

ಮೆಟ್ರೊ ಬರುತ್ತದೆ, ಕಟ್ಟಡಗಳು ಬರುತ್ತವೆ ಎಂದು ದಲ್ಲಾಳಿ ಹೇಳುತ್ತಾನೆ. ಭವಿಷ್ಯವನ್ನು ಹೇಗೆ ಲೆಕ್ಕಕ್ಕೆ ತರುವುದು?

‘ಬರುತ್ತದೆ’ ಮತ್ತು ‘ಬಂದಿದೆ’ ನಡುವಿನ ವರ್ಷಗಳ ಬಾಡಿಗೆ ಕಟ್ಟುವವರು ನೀವು. ಮುಂಬೈಯ ಮೂರನೇ ಮೆಟ್ರೊ ಮಾರ್ಗದಲ್ಲಿ ಮೊದಲ ರೈಲು ಓಡಿದ್ದು 2024ರ ಅಕ್ಟೋಬರ್‌ನಲ್ಲಿ, ಕಫ್ ಪರೇಡ್ ತಲುಪಿದ್ದು 2025ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲು ವರ್ಷಗಟ್ಟಲೆ ಗಿರ್‌ಗಾಂವ್, ದಾದರ್ ಕಡೆಯ ಅಂಗಡಿಗಳ ಮುಂದೆ ತಗಡಿನ ಬೇಲಿ ನಿಂತಿತ್ತು.

ಪುನರ್‌ನಿರ್ಮಾಣದ ಕಥೆಯೂ ಅದೇ. ಹಿಂಬದಿಯ ಸೊಸೈಟಿಗಳು ಬಿಲ್ಡರ್ ಜೊತೆ ಸಹಿ ಹಾಕಿವೆಯೇ ಎಂದು ವಾಚ್‌ಮನ್‌ಗಳನ್ನು ವಿಚಾರಿಸಿ. ಹಾಕಿದ್ದರೆ ಆ ಮನೆಗಳ ಜನ ಹಲವು ವರ್ಷ ಬೇರೆ ಕಡೆ ಇರುತ್ತಾರೆ. ನಿಮ್ಮ ಕರಾರಿನ ಅವಧಿ ಅಷ್ಟರಲ್ಲಿ ಮುಗಿಯುತ್ತದೆ. ಅವರು ಹೊಸ ಮನೆಗೆ ಮರಳುವ ಹೊತ್ತಿಗೆ ಬಾಡಿಗೆಯೂ ಹೊಸದಾಗಿರುತ್ತದೆ.

ಹಳೆಯವರನ್ನು ಕೇಳಿದರೆ ಬಟ್ಟೆ ಗಿರಣಿಗಳ ಪ್ರದೇಶವಾಗಿದ್ದ ಗಿರಣಗಾಂವ್‌ನ ನೆನಪು ತೆಗೆಯುತ್ತಾರೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದ ಗಿರಣಿ ಮುಷ್ಕರ ಶುರುವಾದಾಗ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಬಂದರು. ಪಾಳಿಯ ಭೋಂಗಾ (ಗಿರಣಿಯ ಸೈರನ್) ನಂಬಿ ಚಹಾ ಕುದಿಸುತ್ತಿದ್ದ ಪರೇಲ್, ಲಾಲ್‌ಬಾಗ್‌ನ ಹೋಟೆಲುಗಳಿಗೆ ಎದುರಾಳಿ ಯಾರೂ ಹೊಸದಾಗಿ ಬಂದಿರಲಿಲ್ಲ; ಗಿರಾಕಿಯೇ ಇಲ್ಲವಾದ. ಅದೇ ಲೋವರ್ ಪರೇಲ್ ಮುಂದೆ ಮಾಲ್ ಮತ್ತು ಕಚೇರಿಗಳ ಜಾಗವಾಯಿತು, ಆದರೆ ಆ ಗಿರಾಕಿ ಬೇರೆ, ಆ ಬಾಡಿಗೆಯೂ ಬೇರೆ. ಹೀಗೆ ಒಂದೇ ಕಾರ್ಖಾನೆ, ಒಂದೇ ಕಾಲೇಜು, ಒಂದೇ ಕಂಪನಿಯ ಮೇಲೆ ನಿಂತ ವ್ಯಾಪಾರವಾದರೆ ಅದನ್ನು ಬೇರೆ ಸಾಲಿನಲ್ಲಿ ಬರೆದಿಡಿ.

ನಿಯಮಗಳು ಒಂದೇ ಆಜ್ಞೆಯಲ್ಲಿ ಬದಲಾಗುತ್ತವೆ. 2018ರ ಜೂನ್‌ನಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಜಾರಿಗೆ ಬಂದಾಗ ಪಾರ್ಸಲ್ ನಂಬಿದವರ ಖರ್ಚು ರಾತ್ರೋರಾತ್ರಿ ಏರಿತು. ಇಂಥವನ್ನು ಮೊದಲೇ ಊಹಿಸಲಾಗದು. ಬಿಲ್ಲಿಗೆ ನಾಲ್ಕೈದು ರೂಪಾಯಿ ಖರ್ಚು ಏರಿದರೆ ತಾಳುವಷ್ಟು ಅಂತರ ಲೆಕ್ಕದಲ್ಲಿ ಇದೆಯೇ ಎಂದು ನೋಡಬಹುದು.

ಊರಿನವರ ಹೋಟೆಲಿನ ಎದುರೇ ಹೋಟೆಲ್ ಹಾಕಬಹುದೇ?

ಕಾನೂನಿನ ಅಡ್ಡಿ ಇಲ್ಲ. ಸಂಘದ ಸಭೆಯಲ್ಲಿ ಮುಖ ನೋಡುವ ಕಷ್ಟ ನಿಮ್ಮದು. ಲೆಕ್ಕದ ದೃಷ್ಟಿಯಿಂದ ಹೇಳುವುದಾದರೆ, ಅಲ್ಲಿ ಗಿರಾಕಿಗಿಂತ ಮೊದಲು ಎಳೆದಾಟ ಶುರುವಾಗುವುದು ಭಟ್ಟರಿಗಾಗಿ. ಕುಂದಾಪುರ, ಬೈಂದೂರು ಕಡೆಯಿಂದ ಹುಡುಗರು ಬರುವುದು ಕಡಿಮೆಯಾಗಿ ಒಳ್ಳೆಯ ಅಡುಗೆಯವರು ಸಿಗುವುದೇ ಅಪರೂಪ. ಅವರೂ ಪೂರೈಕೆದಾರರೇ, ಅವರಿಗೂ ಚೌಕಾಸಿ ಬಲವಿದೆ. ನೀವು ಐದು ಸಾವಿರ ಹೆಚ್ಚು ಕೊಟ್ಟು ಅವರ ಭಟ್ಟರನ್ನು ಕರೆದುಕೊಂಡರೆ, ಅವರು ಏಳು ಸಾವಿರ ಹೆಚ್ಚು ಕೊಟ್ಟು ನಿಮ್ಮ ದೋಸೆಯವನನ್ನು ಕರೆದುಕೊಳ್ಳುತ್ತಾರೆ. ವರ್ಷದ ಕೊನೆಗೆ ಎರಡೂ ಅಡುಗೆಮನೆಗಳಲ್ಲಿ ಅಷ್ಟೇ ಜನ ಇರುತ್ತಾರೆ, ಸಂಬಳದ ಸಾಲು ಮಾತ್ರ ಎರಡೂ ಕಡೆ ಏರಿರುತ್ತದೆ. ಹಾಕಲೇಬೇಕೆಂದಿದ್ದರೆ ಅಡುಗೆಯವರನ್ನು ಊರಿನಿಂದ ಹೊಸದಾಗಿ ಕರೆತನ್ನಿ, ಅವರ ವಸತಿಯ ಬಾಡಿಗೆಯನ್ನೂ ಮೇಲಿನ ನಾಲ್ಕೂವರೆ ಲಕ್ಷಕ್ಕೆ ಸೇರಿಸಿ ಮತ್ತೊಮ್ಮೆ ಭಾಗಿಸಿ.